ಆಕ್ಷನ್ ಕಾಮಿಡಿಯಲ್ಲಿ ನಗು ಯಾರ ಮೇಲೆ, ಏಟು ಯಾರಿಗೆ? 'ರಷ್ ಅವರ್' ಮತ್ತು 'ಎವೆರಿಥಿಂಗ್ ಎವೆರಿವೇರ್' ಚರ್ಚೆಗೆ ಸಲಹೆ ಬೇಕು

ತೆರೆಮರೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಸಿನಿಮಾ ಬಳಗಕ್ಕೆ ಒಂದೇ ದಿನ ಎರಡು ಚಿತ್ರ ಹಾಕುವ ಯೋಜನೆ ಇದೆ. ಬೆಳಿಗ್ಗೆ 1998ರ 'ರಷ್ ಅವರ್', ಮಧ್ಯಾಹ್ನ 2022ರ 'ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್'. ಆಮೇಲೆ ಒಂದೂವರೆ ಗಂಟೆ ಮಾತುಕತೆ. ಹಾಲಿವುಡ್‌ನ ಜನಪ್ರಿಯ ಆಕ್ಷನ್ ಕಾಮಿಡಿಯಲ್ಲಿ ಏಷ್ಯಾ ಮೂಲದವರು, ಕಪ್ಪು ಜನ, ಹೆಂಗಸರು ಹೇಗೆ ಬಂದಿದ್ದಾರೆ ಅನ್ನೋದು ವಿಷಯ.

ಇಂಥ ಚರ್ಚೆ ಎರಡೇ ಮಾತಿಗೆ ಮುಗಿದುಹೋಗುತ್ತೆ ಅನ್ನೋದೇ ತೊಂದರೆ. "ಒಬ್ಬ ಹೀರೋ ಹಾಂಗ್‌ಕಾಂಗಿನವನು, ಇನ್ನೊಬ್ಬ ಕಪ್ಪು ಅಮೆರಿಕನ್, ಮತ್ತಿನ್ನೇನು ಬೇಕು" ಅಂತ ಒಂದು ಗುಂಪು. "ನಗೋಕೆ ಮಾಡಿದ ಸಿನಿಮಾನ ಯಾಕೆ ಕೆದಕ್ತೀರಿ" ಅಂತ ಇನ್ನೊಂದು ಗುಂಪು. ತಲೆ ಎಣಿಸೋದನ್ನ ಬಿಟ್ಟು ಬೇರೆ ಹೇಗೆ ನೋಡಬೇಕು? ಯಾವ ದೃಶ್ಯ ನಿಲ್ಲಿಸಿ ತೋರಿಸಬೇಕು? ಬೆಕ್ಡೆಲ್ ಟೆಸ್ಟ್ ಥರದ್ದು ಇಲ್ಲಿ ಕೆಲಸಕ್ಕೆ ಬರುತ್ತಾ? ಎರಡನೇ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಕೂಡ ತಯಾರಾಗ್ತಾ ಇದೆ, ಅದಕ್ಕೂ ಸಲಹೆ ಇದ್ರೆ ಹೇಳಿ.

ಕತ್ತರಿ_ಅಂಟು:

ತಲೆ ಎಣಿಸೋದು ತಪ್ಪಲ್ಲ, ಆದ್ರೆ ಈ ಬಗೆಯ ಚಿತ್ರಕ್ಕೆ ಅದು ಸಾಲದು. ಆಕ್ಷನ್ ಕಾಮಿಡಿ ನಡೆಯೋದು ಎರಡು ವ್ಯವಹಾರದ ಮೇಲೆ, ನಗು ಮತ್ತು ಏಟು. ಎರಡರಲ್ಲೂ ಕೊಡುವವನೊಬ್ಬ, ತಗೊಳ್ಳುವವನೊಬ್ಬ. ಪಾತ್ರದ ಸ್ಥಾನಮಾನ ಗೊತ್ತಾಗೋದು ಅಲ್ಲೇ. ಪೋಸ್ಟರ್‌ನಲ್ಲಿ ಮುಖ ಎಷ್ಟು ದೊಡ್ಡದಿದೆ ಅಂತ ನೋಡಿದ್ರೆ ಗೊತ್ತಾಗಲ್ಲ.

ಒಂದು ಹಾಳೆ ಮೇಲೆ ಐದು ಕಾಲಂ ಎಳೆದು ಹಂಚಿ. ನಗು ಹುಟ್ಟಿಸಿದವರು ಯಾರು. ನಗುವಿಗೆ ಗುರಿ ಯಾರು. ನಗು ಬಂದದ್ದು ಯಾವುದರಿಂದ (ಉಚ್ಚಾರಣೆ, ಬಣ್ಣ, ಊಟ, ಮೈಕಟ್ಟು, ಅಥವಾ ಆ ಮನುಷ್ಯನ ಸ್ವಭಾವ, ಸನ್ನಿವೇಶ). ಏಟು ಕೊಟ್ಟವರು, ತಿಂದವರು. ದೃಶ್ಯ ಮುಗಿದಾಗ ಮೇಲುಗೈ ಯಾರದ್ದು. ಇಡೀ ಸಿನಿಮಾಗೆ ಇದನ್ನ ತುಂಬಿಸೋಕೆ ಹೋಗ್ಬೇಡಿ, ಅರ್ಧಕ್ಕೆ ಎಲ್ಲರಿಗೂ ಸುಸ್ತಾಗುತ್ತೆ. ಒಂದು ಚಿತ್ರಕ್ಕೆ ಆರು ದೃಶ್ಯ, ತಲಾ ಎರಡು ಮೂರು ನಿಮಿಷ. ಐದೈದು ಜನರ ಗುಂಪು ಮಾಡಿ, ಒಬ್ಬೊಬ್ಬರು ಒಂದೊಂದೇ ಕಾಲಂ ನೋಡಲಿ. ಎಲ್ಲರೂ ಎಲ್ಲವನ್ನೂ ನೋಡಿದ್ರೆ ಯಾರೂ ಯಾವುದನ್ನೂ ನೋಡಿರಲ್ಲ.

ಮೂರನೇ ಕಾಲಮ್ಮೇ ಜೀವ. ಅಲ್ಲಿ ಮಾಡಬೇಕಾದ್ದು ಅದಲುಬದಲು ಪರೀಕ್ಷೆ: ಆ ಪಾತ್ರದ ಜಾಗದಲ್ಲಿ ಇನ್ಯಾವುದೋ ಊರಿನ, ಇನ್ಯಾವುದೋ ಬಣ್ಣದ ಮನುಷ್ಯನನ್ನ ನಿಲ್ಲಿಸಿ, ನಗು ಉಳಿಯುತ್ತಾ? ಉಳಿದ್ರೆ ಅದು ಸ್ವಭಾವದ ನಗು. ಹೋದ್ರೆ ಅದು ಗುರುತಿನ ಮೇಲೆ ನಿಂತ ನಗು. ಗುರುತಿನ ನಗು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ, ಆ ಗುರುತನ್ನ ನಡೆಸ್ತಾ ಇರೋದು ಯಾರು ಅಂತ ಆಮೇಲೆ ಕೇಳಬೇಕು.

'ರಷ್ ಅವರ್'ನಲ್ಲಿ ಮೊದಲು ನಿಲ್ಲಿಸಬೇಕಾದ್ದು ವಿಮಾನ ನಿಲ್ದಾಣದ ದೃಶ್ಯ. ಲಾಸ್ ಏಂಜಲೀಸ್ ಪೊಲೀಸ್ ಕಾರ್ಟರ್ (ಕ್ರಿಸ್ ಟಕರ್) ಹಾಂಗ್‌ಕಾಂಗಿನಿಂದ ಇಳಿದ ಇನ್ಸ್‌ಪೆಕ್ಟರ್ ಲೀ (ಜಾಕಿ ಚಾನ್) ಎದುರು ನಿಂತು, ಇವನಿಗೆ ಇಂಗ್ಲಿಷ್ ಬರಲ್ಲ ಅಂತ ಅವನಾಗೇ ತೀರ್ಮಾನಿಸಿ, ಕಿವುಡನಿಗೆ ಹೇಳೋ ಹಾಗೆ ಒಂದೊಂದೇ ಪದ ಕೂಗ್ತಾನೆ. ಲೀ ಸುಮ್ಮನೆ ಮುಗುಳ್ನಗ್ತಾನೆ. ಹಾಳೆಯಲ್ಲಿ ಎಲ್ಲರೂ 'ಗುರಿ: ಲೀ' ಅಂತ ಬರೀತಾರೆ. ಸ್ವಲ್ಪ ಹೊತ್ತಿಗೆ ಲೀಗೆ ಇಂಗ್ಲಿಷ್ ಬರುತ್ತೆ ಅಂತ ಬಯಲಾಗುತ್ತೆ. ಬರಲ್ಲ ಅಂತ ಅವನು ಹೇಳೇ ಇರಲಿಲ್ಲ. ಎದುರಿನವನು ಎಷ್ಟು ಟೊಳ್ಳು ಅಂತ ತಿಳಿಯೋಕೆ ಅವನನ್ನೇ ಮಾತಾಡೋಕೆ ಬಿಟ್ಟಿದ್ದ. ಹಿಂದಿನ ನಗು ಅಷ್ಟೂ ತಿರುಗಿ ಕಾರ್ಟರ್ ಮೇಲೆ ಬೀಳುತ್ತೆ. ಹಾಗಾಗಿ ಇದನ್ನ ಎರಡು ಸಾಲಲ್ಲಿ ಬರೆಸಿ, ಮೊದಲ ಸಲ ನಕ್ಕಾಗ ಒಂದು, ತಿರುಗುಬಾಣ ಆದಾಗ ಇನ್ನೊಂದು. ಒಂದೇ ಸಾಲಲ್ಲಿ ಬರೆದವರ ಚರ್ಚೆ ಅಲ್ಲೇ ಹಳ್ಳ ಹಿಡಿಯುತ್ತೆ.

ಅದಕ್ಕೆ ಜೋಡಿಯಾಗಿ ಕೊನೆ ಭಾಗದ ಚೀನೀ ಕಲಾಪ್ರದರ್ಶನದ ಹೊಡೆದಾಟ ಹಾಕಿ. ಆಳೆತ್ತರದ ಹೂದಾನಿಗಳು ಉರುಳ್ತಾ ಇವೆ, ಲೀ ಒಂದು ಕೈಯಲ್ಲಿ ಹೊಡೆದಾಡ್ತಾ ಇನ್ನೊಂದು ಕೈಯಲ್ಲಿ ಅವನ್ನ ಹಿಡೀತಾನೆ. ಇಲ್ಲಿ ನಗು ಪೂರ್ತಿ ಅವನದ್ದೇ. ಏಟು ತಿನ್ನೋನೂ ಅವನೇ, ಗೆಲ್ಲೋನೂ ಅವನೇ, ಗುರಿ ಅಂದ್ರೆ ಆ ಸಂದರ್ಭದ ಇಕ್ಕಟ್ಟು. ಅದಲುಬದಲು ಮಾಡಿದ್ರೂ ನಗು ಹಾಗೇ ಇರುತ್ತೆ. ಆದ್ರೆ ಒಂದು ವಿಷಯ ಗಮನಿಸಿ. ಚಿತ್ರ ಶುರುವಾಗೋದು ಹಾಂಗ್‌ಕಾಂಗಿನ ಮೇಲೆ ಬ್ರಿಟಿಷ್ ಆಳ್ವಿಕೆಯ ಕೊನೆಯ ದಿನ, 1997ರಲ್ಲಿ, ಕದ್ದ ಚೀನೀ ಕಲಾವಸ್ತುಗಳನ್ನ ಲೀ ವಾಪಸ್ ಪಡೆಯೋದರಿಂದ. ಕೊನೆಗೆ ಬಯಲಾಗುವ ಖಳನೂ ಬ್ರಿಟಿಷನೇ. ಹೂದಾನಿ ಹಿಡಿಯೋದಕ್ಕೆ ಆಗ ಬೇರೆ ತೂಕ ಬರುತ್ತೆ. ಕಾಮಿಡಿ ಅಂತ ತಳ್ಳಿಹಾಕುವವರಿಗೆ ಇದೊಂದನ್ನ ತೋರಿಸಿದ್ರೂ ಸಾಕು.

ಹೆಂಗಸರ ವಿಷಯದಲ್ಲಿ ಚಿತ್ರ ಬಡವಾಗಿದೆ, ಅದನ್ನ ಮುಚ್ಚಿಡಬೇಡಿ. ಬಾಂಬ್ ದಳದ ಟಾನಿಯಾ ಜಾನ್ಸನ್ (ಎಲಿಜಬೆತ್ ಪೆನ್ಯಾ) ಬಹುಪಾಲು ಕಾರ್ಟರ್‌ನ ಚುಡಾಯಿಸುವ ಮಾತಿಗೆ ಉತ್ತರ ಕೊಡೋದರಲ್ಲೇ ಕಳೀತಾಳೆ, ಕೆಲಸ ತೋರಿಸೋ ಅವಕಾಶ ಸಿಗೋದು ಕೊನೆಯಲ್ಲಿ. ಅಪಹರಣವಾಗುವ ಹುಡುಗಿ ಸೂ ಯುಂಗ್ ಲೀಯ ಶಿಷ್ಯೆ. ಕಾರಿನಲ್ಲಿ ಅಪಹರಣಕಾರರ ಮೇಲೆ ಕೈಕಾಲು ಆಡಿಸ್ತಾಳೆ, ಆ ಒಂದು ನಿಮಿಷ ಆದ್ಮೇಲೆ ಬಹಳ ಹೊತ್ತು ಬರೀ ಒತ್ತೆಯಾಳು.

ಅಳತೆಗೋಲು:

ಟೆಸ್ಟ್‌ಗಳ ಬಗ್ಗೆ ಕೇಳಿದ್ರಿ. ಹುಟ್ಟು ಗೊತ್ತಿದ್ರೆ ಮಿತಿಯೂ ಗೊತ್ತಾಗುತ್ತೆ.

ಬೆಕ್ಡೆಲ್ ಟೆಸ್ಟ್ 1985ರ ಒಂದು ಕಾಮಿಕ್ ಪಟ್ಟಿಯಿಂದ ಬಂದದ್ದು. ಇಬ್ಬರು ಹೆಂಗಸರು ಇರಬೇಕು, ಅವರು ಒಬ್ಬರಿಗೊಬ್ಬರು ಮಾತಾಡಬೇಕು, ಗಂಡಸನ್ನ ಬಿಟ್ಟು ಬೇರೆ ವಿಷಯ ಮಾತಾಡಬೇಕು. ಎರಡನೇ ಚಿತ್ರ ಇದನ್ನ ಸಲೀಸಾಗಿ ದಾಟುತ್ತೆ, ಯಾಕಂದ್ರೆ ಲಾಂಡ್ರಿ ಅಂಗಡಿ ನಡೆಸೋ ಎವೆಲಿನ್ (ಮಿಶೆಲ್ ಯೋ) ಮತ್ತು ತೆರಿಗೆ ಅಧಿಕಾರಿ ಡಿಯರ್‌ಡ್ರಿ ರಸೀದಿಗಳ ಮೇಲೇ ಜಗಳಕ್ಕೆ ಬೀಳ್ತಾರೆ. ಆದ್ರೆ ಈ ಟೆಸ್ಟ್ ಒಂದು ಸಿನಿಮಾದ ಗುಣ ಹೇಳಲ್ಲ. ನೂರು ಸಿನಿಮಾ ಒಟ್ಟಿಗಿಟ್ಟಾಗ ಉದ್ಯಮದ ಚಾಳಿ ಏನು ಅಂತ ಹೇಳುತ್ತೆ. ಒಂದೇ ಚಿತ್ರಕ್ಕೆ ಹಿಡಿದ್ರೆ ಬರೀ ಪಾಸು, ಫೇಲು ಅಂತ ಮಾತು ಮುಗಿಯುತ್ತೆ.

ಆಕ್ಷನ್ ಚಿತ್ರಕ್ಕೆ ಹೆಚ್ಚು ಹೊಂದೋದು 2013ರಲ್ಲಿ 'ಪೆಸಿಫಿಕ್ ರಿಮ್' ಚಿತ್ರದ ನಂತರ ಅಭಿಮಾನಿಗಳ ನಡುವೆ ಹುಟ್ಟಿದ ಮಾಕೋ ಮೋರಿ ಟೆಸ್ಟ್: ಒಬ್ಬ ಹೆಂಗಸಿಗಾದ್ರೂ ತನ್ನದೇ ಕಥೆ ಇರಬೇಕು, ಆ ಕಥೆ ಗಂಡಸಿನ ಕಥೆಗೆ ಆಸರೆಗೋಲು ಆಗಿರಬಾರದು. ಟಾನಿಯಾ ಜಾನ್ಸನ್‌ಗೆ ಇದನ್ನ ಹಿಡಿದು ನೋಡಿ. ಬಾಂಬ್ ತಂತಿಯ ತರಬೇತಿಯಿಂದ ಕೊನೆಯ ನಿಜವಾದ ಬಾಂಬ್‌ವರೆಗೆ ಒಂದು ಎಳೆ ಇದೆಯೋ ಇಲ್ಲವೋ ಅಂತ ಒಳ್ಳೆ ವಾದ ಹುಟ್ಟುತ್ತೆ.

ಮುಸ್ಲಿಂ ಪಾತ್ರಗಳಿಗೆ 2018ರ ರಿಜ್ ಟೆಸ್ಟ್ ಇದೆ, ನಟ ರಿಜ್ ಅಹ್ಮದ್ ಬ್ರಿಟನ್ ಸಂಸತ್ತಿನಲ್ಲಿ ಮಾಡಿದ ಭಾಷಣದಿಂದ ಪ್ರೇರಣೆ ಪಡೆದದ್ದು. ಅದರ ಐದು ಪ್ರಶ್ನೆಗಳು ಹುಡುಕೋದು ಅಚ್ಚುಗಳನ್ನ: ಭಯೋತ್ಪಾದನೆ, ಕಾರಣವಿಲ್ಲದ ಕೋಪ, ಹಿಂದುಳಿದ ಮೂಢನಂಬಿಕೆ ಹೀಗೆ. ನಿಮ್ಮ ಎರಡು ಚಿತ್ರಕ್ಕೆ ನೇರವಾಗಿ ಹೊಂದಲ್ಲ, ಆದ್ರೆ ಅದರ ವಿಧಾನ ಎರವಲು ಪಡೀರಿ. ಏಷ್ಯಾ ಮೂಲದ ಗಂಡಸಿಗೆ ಹಾಲಿವುಡ್ ಹಳೆ ಅಚ್ಚುಗಳು ಯಾವುವು ಅಂತ ಚಿತ್ರ ಹಾಕೋ ಮೊದಲೇ ಬೋರ್ಡ್ ಮೇಲೆ ಬರೆಸಿ: ಮಾತಾಡದ ಕುಂಗ್‌ಫು ಪಟು, ತೊದಲೋ ಅಂಗಡಿಯವ, ಪ್ರೇಮಕ್ಕೆ ನಾಲಾಯಕ್ ಗಣಿತದ ಹುಡುಗ, ನಿಗೂಢ ಖಳ. ಚಿತ್ರ ಮುಗಿದ ಮೇಲೆ ಯಾವುದು ಮುರೀತು, ಯಾವುದು ಉಳೀತು ಅಂತ ಗುರುತು ಹಾಕಿ. 'ರಷ್ ಅವರ್'ನಲ್ಲಿ ಕುಂಗ್‌ಫು ಪಟು ಅನ್ನೋ ಅಚ್ಚು ಉಳಿದಿದೆ, ಪೆದ್ದ ಅನ್ನೋ ಅಚ್ಚು ಮುರಿದಿದೆ. ಎರಡನೇದರಲ್ಲಿ ಎವೆಲಿನ್ ಗಂಡ ವೇಮಂಡ್ (ಕೀ ಹುಯ್ ಕ್ವಾನ್) ನಾಲ್ಕನ್ನೂ ಅಲ್ಲಾಡಿಸ್ತಾನೆ. ಹಲವು ಬ್ರಹ್ಮಾಂಡಗಳಲ್ಲಿ ನಡೆಯೋ ಆ ಕಥೆಯಲ್ಲಿ ಲಾಂಡ್ರಿಯ ಮೆದು ಗಂಡ, ಹೊಡೆದಾಟಗಾರ, ಸೂಟು ತೊಟ್ಟ ಪ್ರೇಮಿ, ಮೂವರೂ ಅವನೇ.

ಯಾರಾದ್ರೂ ಆಸ್ಕರ್ ನಿಯಮದ ಮಾತು ತೆಗೆದೇ ತೆಗೀತಾರೆ, ಅದಕ್ಕೂ ತಯಾರಿರಿ. 2024ರ ಸಮಾರಂಭದಿಂದ ಅತ್ಯುತ್ತಮ ಚಿತ್ರ ವಿಭಾಗಕ್ಕೆ ಮಾತ್ರ ಇದು ಕಡ್ಡಾಯ. ನಾಲ್ಕು ಮಾನದಂಡದಲ್ಲಿ ಎರಡು ಪೂರೈಸಿದ್ರೆ ಆಯ್ತು: ತೆರೆ ಮೇಲಿನ ಪಾತ್ರ ಮತ್ತು ಕಥೆ, ತೆರೆಯ ಹಿಂದಿನ ತಂಡ, ತರಬೇತಿ ಅವಕಾಶ, ಪ್ರಚಾರ ಮತ್ತು ವಿತರಣೆಯ ತಂಡ. ಅಂದ್ರೆ ತೆರೆ ಮೇಲೆ ಒಂದು ಮುಖವೂ ಬದಲಾಗದೆ ಉಳಿದ ಮೂರರಲ್ಲಿ ಎರಡರಿಂದ ಅರ್ಹತೆ ಸಿಗುತ್ತೆ. 'ಆಸ್ಕರ್‌ಗೋಸ್ಕರ ಬಲವಂತವಾಗಿ ತುರುಕ್ತಾರೆ' ಅನ್ನೋ ಮಾತಿಗೆ ಇದೇ ಉತ್ತರ. ನಿಮ್ಮ ಎರಡನೇ ಚಿತ್ರ 2023ರ ಮಾರ್ಚ್‌ನಲ್ಲಿ ಏಳು ಆಸ್ಕರ್ ಗೆದ್ದಾಗ ಈ ನಿಯಮ ಜಾರಿಗೇ ಬಂದಿರಲಿಲ್ಲ.

ಪಟ್ಟು_ಮರುಪಟ್ಟು:

ಇಬ್ಬರೂ ಮುಟ್ಟದ ಜಾಗ ಒಂದಿದೆ, ಸ್ಟಂಟ್. ಆಕ್ಷನ್ ಸಿನಿಮಾದಲ್ಲಿ ಪಾತ್ರದ ಮೈ ಯಾರದ್ದು ಅನ್ನೋದೂ ಪ್ರಾತಿನಿಧ್ಯದ ಪ್ರಶ್ನೆಯೇ.

ಹಾಲಿವುಡ್‌ನಲ್ಲಿ ಎರಡು ಹಳೆ ಚಾಳಿ ಇವೆ. ನಟಿಗೆ ಡೂಪ್ ಆಗಿ ಗಂಡಸಿಗೆ ವಿಗ್ ಹಾಕಿ ನಿಲ್ಲಿಸೋದು, ಇದಕ್ಕೆ 'ವಿಗಿಂಗ್' ಅಂತಾರೆ. ಕಪ್ಪು ನಟರಿಗೆ ಡೂಪ್ ಆಗಿ ಬಿಳಿಯರ ಮೈಗೆ ಬಣ್ಣ ಬಳಿಯೋದು, ಇದು 'ಪೇಂಟ್ ಡೌನ್'. ಕಲಾವಿದರ ಒಕ್ಕೂಟದ ಒಪ್ಪಂದದಲ್ಲಿ, ಡೂಪ್‌ನ ಲಿಂಗ ಅಥವಾ ಜನಾಂಗ ತೆರೆ ಮೇಲೆ ಗುರುತು ಸಿಗುವಂತಿದ್ರೆ ಅದೇ ಗುಂಪಿನ ಅರ್ಹರನ್ನ ಹುಡುಕೋಕೆ ಸ್ಟಂಟ್ ಸಂಯೋಜಕರು ಪ್ರಯತ್ನಿಸಬೇಕು ಅಂತಿದೆ. 'ಪ್ರಯತ್ನಿಸಬೇಕು' ಅನ್ನೋ ಪದದಲ್ಲೇ ಸಡಿಲ ಇದೆ, ನೋಡಿ. 'ಹೊತ್ತಿಗೆ ಸರಿಯಾಗಿ ಯಾರೂ ಸಿಗಲಿಲ್ಲ' ಅಂದ್ರೆ ಮುಗೀತು.

ತರಗತಿಯಲ್ಲಿ ಇದನ್ನ ಕಣ್ಣಿಗೆ ಕಾಣಿಸೋದು ಹೀಗೆ. ಒಂದು ಹೊಡೆದಾಟವನ್ನ ಧ್ವನಿ ತೆಗೆದು ಹಾಕಿ, ಕಟ್ ಆದಾಗಲೆಲ್ಲ ಮೇಜು ತಟ್ಟಿಸಿ. ತಟ್ಟು ಬಿಡುವಿಲ್ಲದೆ ಬೀಳ್ತಿದ್ದು, ಏಟು ತಗಲುವ ಹೊತ್ತಿಗೇ ಕ್ಯಾಮರಾ ಬೆನ್ನಿಗೆ ಹೋದ್ರೆ ಮೈ ಬೇರೆಯವರದ್ದಾಗಿರೋ ಸಾಧ್ಯತೆ ಇದೆ. ಮೈ ಪೂರ್ತಿ ಕಾಣೋ ದೂರದಲ್ಲಿ ಕ್ಯಾಮರಾ ನಿಂತು, ಏಟು ಕೊಟ್ಟದ್ದೂ ತಗಲಿದ್ದೂ ಒಂದೇ ಶಾಟಿನಲ್ಲಿ ಮುಖದ ಸಮೇತ ಬಂದ್ರೆ ನಟನೇ ಮಾಡಿರೋ ಸಾಧ್ಯತೆ ಹೆಚ್ಚು. ಹಾಂಗ್‌ಕಾಂಗ್ ಪದ್ಧತಿಯ ಹೊಡೆದಾಟದ ವ್ಯಾಕರಣವೇ ಇದು.

ಇದಕ್ಕೆ ಎರಡನೇ ಚಿತ್ರದ ಸೊಂಟದ ಚೀಲದ ಹೊಡೆದಾಟಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ತೆರಿಗೆ ಕಚೇರಿಯ ಕಾವಲುಗಾರರ ಎದುರು ವೇಮಂಡ್ ಸೊಂಟದ ಚೀಲ ಬಿಚ್ಚಿ, ಅದರ ಪಟ್ಟಿಯನ್ನೇ ಕವಣೆ ಹಾಗೆ ಬೀಸ್ತಾನೆ. ಕ್ವಾನ್ 1984ರಲ್ಲಿ 'ಇಂಡಿಯಾನಾ ಜೋನ್ಸ್' ಸರಣಿಯ ಚಿತ್ರದಲ್ಲಿ ಬಾಲನಟರಾಗಿ ಹೆಸರು ಮಾಡಿದವರು. ದೊಡ್ಡವರಾದ ಮೇಲೆ ಏಷ್ಯಾ ಮೂಲದವರಿಗೆ ಪಾತ್ರವೇ ಸಿಗದೆ ನಟನೆ ಬಿಟ್ಟು ಸ್ಟಂಟ್ ಸಂಯೋಜನೆಯ ಕೆಲಸಕ್ಕೆ ಹೋದ್ರು. ಪಾತ್ರ ಸಿಗದ ವರ್ಷಗಳಲ್ಲಿ ಕಲಿತದ್ದೇ ಆ ಮೈಯಲ್ಲಿ ಕಾಣುತ್ತೆ. ಹೊಡೆದಾಟ ಹೆಣೆದವರು ಹಾಂಗ್‌ಕಾಂಗ್ ಚಿತ್ರ ನೋಡಿ ಪಟ್ಟು ಕಲಿತು ಯೂಟ್ಯೂಬ್‌ನಲ್ಲಿ ಹೆಸರಾದ 'ಮಾರ್ಷಲ್ ಕ್ಲಬ್' ತಂಡದ ಆಂಡಿ ಲೆ ಮತ್ತು ಬ್ರಯಾನ್ ಲೆ ಸಹೋದರರು. ಅವರು ಚಿತ್ರದಲ್ಲಿ ನಟಿಸಿದ್ದಾರೆ ಕೂಡ.

ಎರಡು ಚಿತ್ರಕ್ಕೂ ನಡುವೆ ಒಂದು ಕೊಂಡಿ ಇದೆ. ಎರಡನೇ ಚಿತ್ರದ ನಿರ್ದೇಶಕರಾದ ಡೇನಿಯಲ್ ಕ್ವಾನ್, ಡೇನಿಯಲ್ ಶೈನರ್ಟ್ ಅದರ ಕಥೆಯನ್ನ ಮೊದಲು ಕಲ್ಪಿಸಿದ್ದು ಜಾಕಿ ಚಾನ್ ಅವರನ್ನ ನಾಯಕನಾಗಿ ಇಟ್ಟುಕೊಂಡು. ಆಮೇಲೆ ಕೇಂದ್ರಕ್ಕೆ ಹೆಂಡತಿಯನ್ನ ತಂದು ಮಿಶೆಲ್ ಯೋ ಅವರಿಗಾಗಿ ತಿರುಗಿ ಬರೆದ್ರು. ಯೋ ಏನೂ ಹೊಸಬರಲ್ಲ, 1992ರ 'ಪೊಲೀಸ್ ಸ್ಟೋರಿ 3'ರಲ್ಲಿ ಓಡೋ ರೈಲಿನ ಮೇಲೆ ತಾವೇ ಬೈಕ್ ಹಾರಿಸಿದವರು, ಅದೂ ಜಾಕಿ ಚಾನ್ ಜೊತೆ ಸಮ ಸಮ ನಿಂತು. ಆರು ವರ್ಷದ ನಂತರದ 'ರಷ್ ಅವರ್'ನಲ್ಲಿ ಅಂಥ ಒಂದು ಹೆಣ್ಣು ಪಾತ್ರ ಇಲ್ಲ. ಹಾಂಗ್‌ಕಾಂಗಿನಿಂದ ಹಾಲಿವುಡ್‌ಗೆ ಬಂದ ಸಾಮಾನಿನಲ್ಲಿ ಗಂಡಸಿನ ಪಟ್ಟು ಬಂತು, ಹೆಂಗಸಿನ ಪಟ್ಟು ಆಚೆಯೇ ಉಳೀತು. ಇದನ್ನ ಚರ್ಚೆಗೆ ಇಡಲೇಬೇಕು.

ಒಂದು ಎಚ್ಚರಿಕೆ. ಎರಡನೇ ಚಿತ್ರದಲ್ಲಿ ತೆರಿಗೆ ಇಲಾಖೆಯ ಪ್ರಶಸ್ತಿ ಟ್ರೋಫಿಗಳನ್ನ ಲೈಂಗಿಕ ಆಟಿಕೆ ಹಾಗೆ ಬಳಸೋ ಒಂದು ಹೊಡೆದಾಟ ಬರುತ್ತೆ. ಪ್ರದರ್ಶನಕ್ಕೆ ಮೊದಲು ಆಯೋಜಕರು ಪೂರ್ತಿ ನೋಡಿ, ಪ್ರಾಧ್ಯಾಪಕರಿಗೂ ಮೊದಲೇ ತಿಳಿಸಿ.

ಅಡಿಬರಹ:

ಸಬ್‌ಟೈಟಲ್ ವಿಷಯಕ್ಕೆ ಬರ್ತೀನಿ, ಈ ಚಿತ್ರದಲ್ಲಿ ಭಾಷೆಯೇ ಅರ್ಧ ಕಥೆ. ಎವೆಲಿನ್ ಗಂಡನ ಜೊತೆ ಮ್ಯಾಂಡರಿನ್, ಅಪ್ಪನ ಜೊತೆ ಕ್ಯಾಂಟನೀಸ್, ಮಗಳು ಜಾಯ್ ಜೊತೆ ಇಂಗ್ಲಿಷ್. ಒಂದೇ ಉಸಿರಿನಲ್ಲಿ ಭಾಷೆ ಬದಲಾಗುತ್ತೆ. ಮೂರನ್ನೂ ಒಂದೇ ಥರದ ಕನ್ನಡದಲ್ಲಿ ಹಾಕಿದ್ರೆ ಯಾರು ಯಾರನ್ನ ಹೊರಗಿಟ್ಟು ಮಾತಾಡ್ತಿದ್ದಾರೆ ಅನ್ನೋದೇ ಮಾಯ.

ಇಂಗ್ಲಿಷಿಗೆ ನೇರ ಅಕ್ಷರ, ಮ್ಯಾಂಡರಿನ್‌ಗೆ ಓರೆ ಅಕ್ಷರ, ಕ್ಯಾಂಟನೀಸ್‌ಗೆ ಓರೆ ಅಕ್ಷರದ ಜೊತೆ ಸಾಲಿನ ಮುಂದೊಂದು ಗುರುತು. ಪ್ರತಿ ಭಾಷೆ ಮೊದಲ ಸಲ ಬಂದಾಗ ಅದರ ಹೆಸರನ್ನ ಆವರಣದಲ್ಲಿ ಕೊಡಿ. '(ವಿದೇಶಿ ಭಾಷೆ)' ಅಂತ ಎಲ್ಲೂ ಬರೀಬೇಡಿ, ಆ ಕುಟುಂಬಕ್ಕೆ ಅದು ಮನೆಮಾತು. ಎರಡು ಸಾಲು ಮೀರಬೇಡಿ. ಕನ್ನಡದ ಕ್ರಿಯಾಪದ ಉದ್ದ ಆಗೋದರಿಂದ ಸಾಲು ತುಳುಕುತ್ತೆ. 'ಮಾಡುತ್ತಿದ್ದೇನೆ' ಬದಲು 'ಮಾಡ್ತಿದ್ದೀನಿ', 'ಹೋಗಬೇಕಾಗಿದೆ' ಬದಲು 'ಹೋಗ್ಬೇಕು' ಹಾಕಿದ್ರೆ ಜಾಗವೂ ಉಳಿಯುತ್ತೆ, ಮಾತೂ ಮಾತಿನ ಹಾಗಿರುತ್ತೆ.

ದೊಡ್ಡ ಆಸೆ ಒಂದು ಬರುತ್ತೆ: ಕ್ಯಾಂಟನೀಸನ್ನ ಮಂಗಳೂರು ಕನ್ನಡದಲ್ಲೋ ಧಾರವಾಡದ ಕನ್ನಡದಲ್ಲೋ ಹಾಕಿದ್ರೆ ವ್ಯತ್ಯಾಸ ಗೊತ್ತಾಗುತ್ತಲ್ಲ ಅಂತ. ದಯವಿಟ್ಟು ಬೇಡ. ನಮ್ಮ ಸಿನಿಮಾಗಳಲ್ಲಿ ಆ ಎರಡೂ ಬಗೆಯ ಮಾತನ್ನ ಎಷ್ಟೋ ಕಾಲದಿಂದ ಹೆಚ್ಚಾಗಿ ನಗೆಪಾತ್ರಕ್ಕೇ ಮೀಸಲಿಟ್ಟಿದ್ದಾರೆ. ಅಜ್ಜ ಬಾಯಿ ತೆರೆದ ಕೂಡಲೇ ಸಭಾಂಗಣ ನಗುತ್ತೆ, ಅಲ್ಲಿ ನಗೋದೇನೂ ಇರಲ್ಲ. ಕತ್ತರಿ_ಅಂಟು ಅವರ ಐದು ಕಾಲಂ ಹಾಳೆಯನ್ನ ಇನ್ನೊಂದು ದಿನ ಕನ್ನಡದ ಹಾಸ್ಯ ಚಿತ್ರಕ್ಕೂ ಹಿಡಿದು ನೋಡಿ, ಮೂರನೇ ಕಾಲಂ ಬಹುಪಾಲು 'ಉಚ್ಚಾರಣೆ' ಅಂತಲೇ ತುಂಬುತ್ತೆ.

ಕೈತಪ್ಪಬಾರದ ಎರಡು ಕಡೆ ಇವೆ. ಒಂದು, ಎವೆಲಿನ್ ಮಗಳ ಗೆಳತಿ ಬೆಕಿಯನ್ನ ಇಂಗ್ಲಿಷಿನಲ್ಲಿ 'ಹೀ' ಅಂತಾಳೆ. ತಪ್ಪಾಯ್ತು ಅಂತ ಗೊತ್ತಾಗಿ, ಚೀನೀ ಭಾಷೆಯಲ್ಲಿ 'ತಾ' ಅಂತ ಒಂದೇ ಪದ ಇದೆ, ಎಷ್ಟು ಸುಲಭ ಅಂತ ಸಮಜಾಯಿಷಿ ಕೊಡ್ತಾಳೆ. ಆಡುಮಾತಿನಲ್ಲಿ ಗಂಡಿಗೂ ಹೆಣ್ಣಿಗೂ 'ತಾ' ಒಂದೇ, ಬರೆಯುವಾಗ ಮಾತ್ರ ಬೇರೆ. ಕನ್ನಡದಲ್ಲಿ ಅವನು, ಅವಳು ಇರೋದರಿಂದ ಇದು ಸುಲಭವಾಗಿ ಕೂರುತ್ತೆ. ಆದ್ರೆ ಮರ್ಯಾದೆ ಅಂತ 'ಅವರು' ಹಾಕಿದ್ರೋ, ದೃಶ್ಯ ಸತ್ತುಹೋಗುತ್ತೆ. ಆ ಅಮ್ಮನಿಗೆ ಬೇಕಾಗಿದ್ದು ನಮ್ಮ 'ಅವರು' ಥರದ್ದೇ ಒಂದು ಪದ. ಅದು ಅವಳಿಗೆ ಇಂಗ್ಲಿಷಿನಲ್ಲಿ ಸಿಕ್ತಾ ಇಲ್ಲ, ಹಾಗಾಗಿ ನಮ್ಮ ಕನ್ನಡದಲ್ಲೂ ಸಿಗಬಾರದು. 'ಅವನು' ಅಂತಲೇ ಹಾಕಿ.

ಎರಡು, ಜಾಯ್ ತನ್ನ ಪ್ರೇಯಸಿ ಬೆಕಿಯನ್ನ ತಾತನಿಗೆ ಪರಿಚಯಿಸೋ ಕ್ಷಣ. ಜಾಯ್‌ಗೆ ತಾತನ ಭಾಷೆ ಅರೆಬರೆ. ಪದಕ್ಕೆ ತಡಕಾಡ್ತಾ ಇರುವಾಗ ಎವೆಲಿನ್ ನಡುವೆ ಬಾಯಿ ಹಾಕಿ 'ಒಳ್ಳೆ ಸ್ನೇಹಿತೆ' ಅಂದುಬಿಡ್ತಾಳೆ. ಜಾಯ್‌ಳ ಅರ್ಧ ಮಾತನ್ನ ನೀವು ಪೂರ್ತಿ ಮಾಡಬೇಡಿ. 'ಇವಳು... ನನ್ನ...' ಅಂತ ಚುಕ್ಕಿಯಲ್ಲೇ ಬಿಡಿ. ಸಬ್‌ಟೈಟಲ್ ಬರೆಯೋರು ಕರುಣೆಯಿಂದ ಅಲ್ಲಿ ಪದ ತುಂಬ್ತಾರೆ, ಆಗ ಅಮ್ಮ ಕಸಿದುಕೊಂಡದ್ದು ಪ್ರೇಕ್ಷಕರಿಗೆ ಕಾಣೋದೇ ಇಲ್ಲ. ಆಮೇಲಿನ ಬ್ರಹ್ಮಾಂಡಗಳ ಗಲಾಟೆಯೆಲ್ಲ ಹುಟ್ಟೋದು ಆ ಮಾತಿನಿಂದ.

ತೆರೆಮರೆ:

ಎಲ್ಲರಿಗೂ ತುಂಬಾ ಧನ್ಯವಾದ, ಹಾಳೆ ಇವತ್ತೇ ತಯಾರಿಸ್ತೀನಿ. ಇನ್ನೊಂದು ಪ್ರಶ್ನೆ. 'ರಷ್ ಅವರ್'ನ ಪೂಲ್ ಆಟದ ಬಾರ್ ದೃಶ್ಯ ನಿಲ್ಲಿಸಿ ಚರ್ಚಿಸಬೇಕಾ, ಸುಮ್ಮನೆ ದಾಟಬೇಕಾ? ಕಪ್ಪು ಜನರ ಮೇಲಿನ ಬೈಗುಳದ ಪದ ಅಲ್ಲಿದೆ.

ಕತ್ತರಿ_ಅಂಟು:

ನಿಲ್ಲಿಸಿ. ಕಾರ್ಟರ್ ಬಾರ್‌ನವನಿಗೆ ಆ ಪದ ಸೇರಿಸಿ ಸಲಾಮು ಹೊಡೀತಾನೆ, ಅವನ ಬಾಯಲ್ಲಿ ಅದು ಸಲಿಗೆ. ಅದನ್ನೇ ನೋಡಿ ಕಲಿತ ಲೀ ನಗುನಗುತ್ತಾ ಅದೇ ಮಾತು ಹೇಳ್ತಾನೆ, ಹೊಡೆದಾಟ ಶುರು. ಒಂದೇ ಪದ, ಎರಡು ಬಾಯಿ, ಎರಡು ಅರ್ಥ. ಪದ ಯಾರ ಸ್ವತ್ತು ಅನ್ನೋ ಪ್ರಶ್ನೆಯನ್ನ ಚಿತ್ರ ಅಲ್ಲಿ ನೇರವಾಗಿ ಮುಟ್ಟುತ್ತೆ. ಲೀಯ ಅಜ್ಞಾನವನ್ನ ನಗ್ತಾ ಇದೆಯೇ ಹೊರತು ಆ ಜನರನ್ನಲ್ಲ ಅನ್ನೋದು ನನ್ನ ಓದು.

ಪಟ್ಟು_ಮರುಪಟ್ಟು:

ಪದದ ಮಟ್ಟಿಗೆ ಒಪ್ತೀನಿ. ಆದ್ರೆ ನಿಮ್ಮದೇ ಹಾಳೆಯ ನಾಲ್ಕನೇ ಕಾಲಂ ನೋಡಿ. ಬಾರ್‌ನಲ್ಲಿರೋ ಕಪ್ಪು ಜನ ಕೋಪ ಮಾಡಿಕೊಳ್ಳೋದಕ್ಕೆ ಸರಿಯಾದ ಕಾರಣ ಇದೆ, ಚಿತ್ರ ಅವರಿಗೆ ಹೆಚ್ಚು ಮಾತು ಕೊಡದೆ ಲೀಯ ಕೈಚಳಕಕ್ಕೆ ಒದೆ ತಿನ್ನೋ ಮೈಗಳನ್ನಾಗಿ ಮಾಡುತ್ತೆ. ನಗು ಪದದ್ದೇ ಇರಬಹುದು, ಏಟು ಮಾತ್ರ ಅವರ ಮೇಲೆ ಬಿತ್ತು. ಎರಡೂ ಓದನ್ನ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು, ಮತ್ತೊಮ್ಮೆ ದೃಶ್ಯ ಹಾಕಿ.

ಅಡಿಬರಹ:

ಮೊದಲ ಚಿತ್ರಕ್ಕೂ ಕನ್ನಡ ಅಡಿಬರಹ ಮಾಡೋದಾದ್ರೆ, ಆ ಪದದ ಜಾಗಕ್ಕೆ ನಮ್ಮ ಕಡೆಯ ಯಾವುದೇ ಜಾತಿ ಬೈಗುಳ ತರಬೇಡಿ. ಅದರ ಗಾಯ ಬೇರೆ, ಚರಿತ್ರೆ ಬೇರೆ, ಸಭೆಯಲ್ಲಿ ಕೂತ ಯಾರಿಗೋ ನೇರ ತಗಲುತ್ತೆ. 'ಏನಯ್ಯಾ ಕರಿಯ' ಅಂತ ಮೆದು ಮಾಡಿದ್ರೂ ಕೆಲಸ ಆಗಲ್ಲ. ನಮ್ಮಲ್ಲಿ ಅದು ಅಡ್ಡಹೆಸರೂ ಹೌದು, ಅಷ್ಟಕ್ಕೆ ಯಾಕೆ ಹೊಡೆದಾಟ ಅಂತ ಪ್ರೇಕ್ಷಕರಿಗೆ ತಿಳಿಯಲ್ಲ. ಸಲಾಮಿನ ಉಳಿದ ಮಾತು ಕನ್ನಡದಲ್ಲಿ ಹಾಕಿ, ಪದದ ಜಾಗದಲ್ಲಿ 'ಎನ್...' ಅಂತ ಬಿಡಿ. ಚಿತ್ರ ಶುರುವಾಗೋ ಮುಂಚೆ ಎರಡು ನಿಮಿಷ ತಗೊಂಡು ಆ ಪದ ಏನು, ಗುಲಾಮಗಿರಿಯ ಕಾಲದಿಂದ ಹೇಗೆ ಬಂತು, ಕಪ್ಪು ಜನ ತಮ್ಮೊಳಗೆ ಬಳಸೋದಕ್ಕೂ ಹೊರಗಿನವರು ಬಳಸೋದಕ್ಕೂ ಏನು ವ್ಯತ್ಯಾಸ ಅಂತ ಹೇಳಿಬಿಡಿ. ದೃಶ್ಯದ ನಂತರ ಹೇಳಿದ್ರೆ ತಡವಾಗುತ್ತೆ, ಅಷ್ಟರಲ್ಲಿ ಅರ್ಧ ಸಭೆ ಏನು ಅಂತ ಗೊತ್ತಿಲ್ಲದೇ ನಕ್ಕಿರುತ್ತೆ.